ಕೆಟ್ಟ ಕಾನೂನು ಕಾನೂನೇ ಅಲ್ಲವೇ? ಎರಡು ಸಾವಿರ ವರ್ಷದ ವಾದ ಈಗ ಮತ್ತೆ ಯಾಕೆ ಎದ್ದಿದೆ

2025ರ ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಸೆನೆಟ್ ವಿದೇಶಾಂಗ ಸಮಿತಿಯಲ್ಲಿ ಒಂದು ನೇಮಕಾತಿ ವಿಚಾರಣೆ ನಡೆಯಿತು. ಮಾನವ ಹಕ್ಕುಗಳ ವಿಭಾಗ ನೋಡಿಕೊಳ್ಳುವ ಹುದ್ದೆಗೆ ಹೆಸರಿಸಲಾಗಿದ್ದ ಅಭ್ಯರ್ಥಿ, ಮನುಷ್ಯರಿಗೆ ಹಕ್ಕುಗಳು ಬರುವುದು ಸೃಷ್ಟಿಕರ್ತನಿಂದ, ಕಾನೂನಿನಿಂದಲೋ ಸರ್ಕಾರದಿಂದಲೋ ಅಲ್ಲ ಎಂದರು. ವರ್ಜೀನಿಯಾದ ಸೆನೆಟರ್ ಟಿಮ್ ಕೇನ್ ಇದಕ್ಕೆ ಕಟುವಾಗಿ ಪ್ರತಿಕ್ರಿಯಿಸಿದರು. ಇರಾನ್ ಸರ್ಕಾರ ನಂಬಿರುವುದೂ ಇದನ್ನೇ, ಈ ಮಾತು ತುಂಬಾ ಆತಂಕ ತರುವಂಥದ್ದು ಎಂದರು. ಕೂಡಲೇ ಗದ್ದಲ ಶುರುವಾಯಿತು. ಅಮೆರಿಕದ 1776ರ ಸ್ವಾತಂತ್ರ್ಯ ಘೋಷಣೆಯಲ್ಲೇ ಈ ಮಾತು ಇದೆಯಲ್ಲ, ಜೆಫರ್ಸನ್ ಬರೆದದ್ದನ್ನೇ ಮರೆತಿರಾ ಎಂದು ಎದುರಿನವರು ಕೇಳಿದರು.

ಗದ್ದಲದಲ್ಲಿ ಕೇನ್ ಆಡಿದ ಇನ್ನೊಂದು ಮಾತು ಕಳೆದುಹೋಯಿತು. ಸಹಜ ಹಕ್ಕುಗಳಲ್ಲಿ ತಮಗೂ ಗಟ್ಟಿ ನಂಬಿಕೆ ಇದೆ ಎಂದು ಅವರು ಹೇಳಿದ್ದರು. ಆದರೆ ಬೇರೆ ಬೇರೆ ನಂಬಿಕೆಯ ಜನ ಒಂದೇ ಕೋಣೆಯಲ್ಲಿ ಕೂತು ಆ ಹಕ್ಕುಗಳು ಯಾವುವು ಎಂದು ಚರ್ಚಿಸಿದರೆ ಎಲ್ಲರ ಉತ್ತರ ಒಂದೇ ಆಗಿರುವುದಿಲ್ಲ ಎಂದೂ ಹೇಳಿದ್ದರು. ನನಗೆ ಅಸಲಿ ಪ್ರಶ್ನೆ ಕಾಣುವುದು ಅಲ್ಲೇ.

ಈ ಜಗಳಕ್ಕೆ ಪಕ್ಷ ಅಂತೇನೂ ಇಲ್ಲ. 1987ರಲ್ಲಿ ರಾಬರ್ಟ್ ಬೋರ್ಕ್ ಅವರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಸೆನೆಟರ್ ಜೋ ಬೈಡನ್ ಏನು ಹೇಳಿದ್ದರು? ನನ್ನ ಹಕ್ಕುಗಳು ಸಂವಿಧಾನ ಕೊಟ್ಟಿದ್ದಲ್ಲ, ನಾನು ಇದ್ದೇನೆ ಎನ್ನುವ ಕಾರಣಕ್ಕೇ ಅವು ಇವೆ ಎಂದು. ನಾಲ್ಕು ವರ್ಷದ ನಂತರ, 1991ರಲ್ಲಿ, ಅದೇ ಕೋರ್ಟಿಗೆ ಹೆಸರಿಸಲಾದ ಕ್ಲಾರೆನ್ಸ್ ಥಾಮಸ್ ವಿಚಾರಣೆಗೆ ಬಂದರು. ಅವರು ಮೊದಲು ನೈಸರ್ಗಿಕ ಕಾನೂನಿನ, ಅಂದರೆ ಸರ್ಕಾರ ಬರೆದ ಕಾನೂನಿಗೂ ಮೇಲೆ ಒಂದು ಕಾನೂನು ಇದೆ ಎನ್ನುವ ವಾದದ ಪರವಾಗಿ ಮಾತಾಡಿದ್ದರು. ಆಗ ಅದೇ ಬೈಡನ್ ಆತಂಕದಿಂದ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು: ನೀವು ಹೇಳುವ ನೈಸರ್ಗಿಕ ಕಾನೂನು ಯಾವುದು? ಇದನ್ನು ಎರಡು ನಾಲಿಗೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಎರಡೂ ಭಾವನೆ ಸರಿ. ಸರ್ಕಾರ ಕೊಟ್ಟದ್ದಷ್ಟೇ ಹಕ್ಕು ಎಂದರೆ ಭಯವಾಗುತ್ತದೆ. ಸರ್ಕಾರಕ್ಕಿಂತ ಮೇಲಿನ ಕಾನೂನು ತನಗೆ ಗೊತ್ತು ಎಂದು ನ್ಯಾಯಾಧೀಶನೊಬ್ಬ ಹೇಳಿದರೂ ಭಯವಾಗುತ್ತದೆ.

ಮೊದಲು ವಾದ ಏನು ಅಂತ ನೋಡೋಣ. ನೈಸರ್ಗಿಕ ಕಾನೂನು ಅಂದರೆ ಗುರುತ್ವಾಕರ್ಷಣೆಯಂಥ ನಿಯಮ ಅಲ್ಲ. ಮನುಷ್ಯ ಎಂಥ ಜೀವಿ, ಅವನಿಗೆ ಯಾವುದು ಒಳ್ಳೆಯದು ಎನ್ನುವುದನ್ನು ಯೋಚಿಸಿ ತಿಳಿಯಬಹುದು. ಹಾಗೆ ತಿಳಿದ ಸರಿ ತಪ್ಪುಗಳು ಯಾವ ರಾಜನೂ ಯಾವ ಸಂಸತ್ತೂ ಹುಟ್ಟಿಸಿದ್ದಲ್ಲ. ಅವರು ಬರೆಯುವ ಕಾನೂನನ್ನೇ ಅದರ ಮುಂದಿಟ್ಟು ಅಳೆಯಬೇಕು. ಇಷ್ಟೇ ಇದರ ತಿರುಳು. ರೋಮಿನ ಸಿಸೆರೊ ಕ್ರಿಸ್ತಪೂರ್ವ ಮೊದಲನೇ ಶತಮಾನದಲ್ಲೇ, ನಿಜವಾದ ಕಾನೂನು ನಿಸರ್ಗಕ್ಕೆ ಹೊಂದುವ ಸರಿಯಾದ ವಿವೇಕ, ಅದು ರೋಮಿನಲ್ಲಿ ಒಂದು, ಅಥೆನ್ಸಿನಲ್ಲಿ ಇನ್ನೊಂದು ಅಂತ ಇರುವುದಿಲ್ಲ ಎಂದು ಬರೆದ.

ಈ ಯೋಚನೆಗೆ ಗಟ್ಟಿ ಕಟ್ಟಡ ಕಟ್ಟಿದವನು 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವೈನಾಸ್. ಅವನ ಪ್ರಕಾರ ಕಾನೂನು ಅನ್ನಿಸಿಕೊಳ್ಳಲು ನಾಲ್ಕು ಸಂಗತಿ ಬೇಕು. ಅದು ವಿವೇಕದ ಆಜ್ಞೆಯಾಗಿರಬೇಕು. ಎಲ್ಲರ ಒಳಿತಿಗಾಗಿ ಇರಬೇಕು. ಸಮುದಾಯದ ಹೊಣೆ ಹೊತ್ತವರು ಮಾಡಿರಬೇಕು. ಜನರಿಗೆ ತಿಳಿಸಿರಬೇಕು. 'ನ್ಯಾಯವಿಲ್ಲದ ಕಾನೂನು ಕಾನೂನೇ ಅಲ್ಲ' ಎಂಬ ಮಾತನ್ನು ಜನ ಅವನ ಬಾಯಿಗೆ ಹಾಕುತ್ತಾರೆ. ಮೂಲದಲ್ಲಿ ಅದು ಅವನಿಗಿಂತ ಹಿಂದಿನ ಕ್ರೈಸ್ತ ಸಂತ ಅಗಸ್ಟೀನನದು. ಅಕ್ವೈನಾಸ್ ಅದನ್ನು ಬಳಸಿಕೊಂಡ, ಆದರೆ ಜೊತೆಗೆ ಒಂದು ಎಚ್ಚರಿಕೆ ಸೇರಿಸಿದ. ಅಂಥ ಕಾನೂನಿಗೆ ಮನಸ್ಸಾಕ್ಷಿಯನ್ನು ಕಟ್ಟಿಹಾಕುವ ಶಕ್ತಿ ಇಲ್ಲ. ಆದರೂ ಮುರಿದರೆ ದೊಡ್ಡ ಗೊಂದಲ ಆಗುತ್ತದೆ ಎಂದಾದರೆ ಕೆಲವೊಮ್ಮೆ ಸಹಿಸಿಕೊಳ್ಳಬೇಕಾಗಬಹುದು. ಅಂದರೆ ಕೆಟ್ಟ ಕಾನೂನು ಕಂಡ ತಕ್ಷಣ ಹರಿದು ಬಿಸಾಡಿ ಎಂದು ಅವನು ಹೇಳಲಿಲ್ಲ. ಇವತ್ತು ಅವನ ಹೆಸರು ಹೇಳುವವರು ಈ ಭಾಗವನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ದೇವರನ್ನು ನಂಬದಿದ್ದರೆ ಇದೆಲ್ಲ ಕುಸಿಯುತ್ತದೆಯೇ? ಇಲ್ಲ ಎಂದವನು ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್. ದೇವರಿಲ್ಲ ಎಂದು ಒಪ್ಪಿಕೊಂಡರೂ, ಹಾಗೆ ಒಪ್ಪುವುದು ಮಹಾಪಾಪವೇ ಆದರೂ, ತಾನು ಹೇಳುತ್ತಿರುವುದು ಒಂದು ಮಟ್ಟಿಗೆ ನಿಲ್ಲುತ್ತದೆ ಎಂದು ಅವನು 1625ರಲ್ಲೇ ಬರೆದ. ಆದ್ದರಿಂದ 2025ರಲ್ಲಿ ಇಡೀ ಚರ್ಚೆಯನ್ನು 'ಸೃಷ್ಟಿಕರ್ತನೋ ಸರ್ಕಾರವೋ' ಎಂಬ ಎರಡೇ ಬಾಗಿಲಿಗೆ ಇಳಿಸಿದ್ದು ನನಗೆ ಬೇಸರ ತಂದಿತು. ಮೂರನೇ ಬಾಗಿಲು 400 ವರ್ಷದಿಂದ ತೆರೆದೇ ಇದೆ.

ಎದುರು ಪಾಳಯವೂ ದುರ್ಬಲವಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1739-40ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದ. 'ಹೀಗಿದೆ' ಎಂಬ ಮಾತಿನಿಂದ 'ಹೀಗೇ ಇರಬೇಕು' ಎಂಬ ಮಾತಿಗೆ ಜನ ಸದ್ದಿಲ್ಲದೆ ಜಾರುತ್ತಾರೆ, ನಡುವಿನ ಸೇತುವೆ ಎಲ್ಲಿದೆ? ನಿಸರ್ಗದಲ್ಲಿ ಏನಿದೆ ಎಂದು ತೋರಿಸಿದರೆ ಏನು ಮಾಡಬೇಕು ಎಂದು ತೋರಿಸಿದಂತೆ ಆಗುವುದಿಲ್ಲ. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಇನ್ನೂ ಒರಟಾಗಿ, ಕಾನೂನಿಗೆ ಮೊದಲೇ ಹಕ್ಕು ಇದೆ ಎನ್ನುವುದು ಅರ್ಥವಿಲ್ಲದ ಮಾತು ಎಂದ. ಈ ಕಡೆಯವರನ್ನು ಕಾನೂನು ಲೋಕದಲ್ಲಿ ಪಾಸಿಟಿವಿಸ್ಟರು ಎನ್ನುತ್ತಾರೆ. ಕಾನೂನು ಯಾವುದು ಎನ್ನುವುದು ಒಂದು ಪ್ರಶ್ನೆ, ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬೇರೆಯೇ ಪ್ರಶ್ನೆ, ಎರಡನ್ನೂ ಕಲಸಬೇಡಿ ಎನ್ನುವುದು ಅವರ ವಾದ. ಕೆಟ್ಟ ಕಾನೂನನ್ನು ಒಪ್ಪಿಕೊಳ್ಳಿ ಎಂದು ಅವರು ಹೇಳುತ್ತಿಲ್ಲ. ಬೆಂಥಮ್ ಜೀವನವಿಡೀ ಕಾನೂನು ಸುಧಾರಣೆಗೆ ದುಡಿದವನು.

ಹ್ಯೂಮನ ಪ್ರಶ್ನೆ ತತ್ವಶಾಸ್ತ್ರದ ಪುಸ್ತಕದಲ್ಲೇ ಉಳಿಯುವಂಥದ್ದಲ್ಲ. ಅದು ಎಷ್ಟು ಜೀವಗಳ ಪ್ರಶ್ನೆ ಎನ್ನುವುದು ಅವನು ಹುಟ್ಟುವ ಮೊದಲೇ, 1550ರಲ್ಲಿ, ಕಂಡಿತ್ತು. ಆ ವರ್ಷ ಸ್ಪೇನಿನ ದೊರೆ ಐದನೇ ಚಾರ್ಲ್ಸ್ ವಯ್ಯಡೊಲಿಡ್ ನಗರದಲ್ಲಿ ಒಂದು ಸಭೆ ಕರೆಸಿದ. ಅಮೆರಿಕ ಖಂಡದ ಮೂಲನಿವಾಸಿಗಳ ಮೇಲೆ ಯುದ್ಧ ಮಾಡಿ ಅವರನ್ನು ಆಳುವುದು ನ್ಯಾಯವೇ ಎನ್ನುವುದು ವಿಷಯ. ಹ್ವಾನ್ ಹಿನೆಸ್ ದೆ ಸೆಪುಲ್ವೆಡ ಎಂಬ ವಿದ್ವಾಂಸ ನ್ಯಾಯ ಎಂದ. ಅವನ ಆಧಾರ ಅರಿಸ್ಟಾಟಲ್. ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಅರಿಸ್ಟಾಟಲ್ ಹೇಳಿದ್ದ. ಸೆಪುಲ್ವೆಡ ಆ ಪುಸ್ತಕವನ್ನು ತಾನೇ ಲ್ಯಾಟಿನ್‌ಗೆ ಅನುವಾದಿಸಿದ್ದ. ಕಡಿಮೆಯವರನ್ನು ಮೇಲಿನವರು ಆಳುವುದು ನಿಸರ್ಗದ ಕಾನೂನು ಎನ್ನುವುದು ಅವನ ವಾದ.

ಅವನ ಎದುರು ನಿಂತವನು ಬಾರ್ತೊಲೊಮೆ ದೆ ಲಾಸ್ ಕಸಾಸ್ ಎಂಬ ಪಾದ್ರಿ. ಅವನೂ ನೈಸರ್ಗಿಕ ಕಾನೂನನ್ನೇ ಹಿಡಿದು ಮಾತಾಡಿದ! ಈ ಜನರಿಗೆ ವಿವೇಕವಿದೆ, ಊರು ಕಟ್ಟಿದ್ದಾರೆ, ತಮ್ಮದೇ ಆಡಳಿತ ನಡೆಸಿದ್ದಾರೆ, ಮನುಷ್ಯರೆಲ್ಲ ಒಂದೇ ಎಂದ. ಇದಕ್ಕೆ ಹನ್ನೊಂದು ವರ್ಷ ಹಿಂದೆ, 1539ರಲ್ಲಿ, ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿಟೋರಿಯಾ ಆ ನೆಲದ ನಿಜವಾದ ಒಡೆಯರು ಅಲ್ಲಿಯ ಜನರೇ ಎಂದು ಉಪನ್ಯಾಸ ಕೊಟ್ಟಿದ್ದ. ವಯ್ಯಡೊಲಿಡ್ ಸಭೆ ತೀರ್ಪು ಕೊಡದೆ ಮುಗಿಯಿತು. ಅತ್ತ ಗಣಿಗಳಲ್ಲಿ ಜನ ಸಾಯುತ್ತಲೇ ಇದ್ದರು.

ಈ ಪ್ರಸಂಗ ನನ್ನನ್ನು ಬಿಡದೆ ಕಾಡುತ್ತದೆ. ಒಂದೇ ಪರಂಪರೆ, ಒಂದೇ ಮೂಲಗ್ರಂಥಗಳು, ಒಂದೇ ಶಬ್ದಗಳು. ಒಬ್ಬ ಅವುಗಳಿಂದ ಸಂಕೋಲೆ ಮಾಡಿದ, ಇನ್ನೊಬ್ಬ ಅದೇ ಸಂಕೋಲೆ ಬಿಡಿಸಲು ಹೋದ. ಲಾಸ್ ಕಸಾಸ್ ಕೂಡ ಪೂರ್ತಿ ಹೊರಗೆ ನಿಂತವನಲ್ಲ. ಮೊದಮೊದಲು ಮೂಲನಿವಾಸಿಗಳ ಬದಲು ಆಫ್ರಿಕಾದಿಂದ ಗುಲಾಮರನ್ನು ತರಬಹುದು ಎಂದು ಅವನೇ ಸೂಚಿಸಿದ್ದ. ಆಮೇಲೆ ಪಶ್ಚಾತ್ತಾಪಪಟ್ಟ. ನಿಸರ್ಗ ಏನು ಹೇಳುತ್ತದೆ ಎನ್ನುವುದು ಒಳ್ಳೆಯವರ ಕಿವಿಗೂ ಅರ್ಧವೇ ಕೇಳಿಸುತ್ತದೆ.

ಸೆಪುಲ್ವೆಡನ ದಾರಿ ಅಲ್ಲಿಗೆ ನಿಲ್ಲಲಿಲ್ಲ. 1873ರಲ್ಲಿ ಮೈರಾ ಬ್ರ್ಯಾಡ್‌ವೆಲ್ ಎಂಬುವರು ಇಲಿನಾಯ್ ರಾಜ್ಯದಲ್ಲಿ ವಕೀಲಿ ಮಾಡಲು ಅನುಮತಿ ಬೇಡಿ ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋದರು. ಸೋತರು. ಹೆಂಡತಿಯಾಗಿ ತಾಯಿಯಾಗಿ ಇರುವುದೇ ಹೆಣ್ಣಿನ ಮುಖ್ಯ ಕರ್ತವ್ಯ, ಇದು ಸೃಷ್ಟಿಕರ್ತನ ಕಾನೂನು ಎಂದು ನ್ಯಾಯಮೂರ್ತಿ ಜೋಸೆಫ್ ಬ್ರ್ಯಾಡ್ಲಿ ತಮ್ಮ ಅಭಿಪ್ರಾಯದಲ್ಲಿ ಬರೆದರು. ವರ್ಜೀನಿಯಾದ ಲವಿಂಗ್ ದಂಪತಿಯ ಕಥೆಯೂ ಅದೇ. ಬಿಳಿಯ ಗಂಡ, ಕಪ್ಪು ಬಣ್ಣದ ಹೆಂಡತಿ. ಮದುವೆಯಾದದ್ದೇ ಅಪರಾಧವಾಯಿತು. ದೇವರು ಬೇರೆ ಬೇರೆ ಜನಾಂಗಗಳನ್ನು ಬೇರೆ ಬೇರೆ ಖಂಡಗಳಲ್ಲಿ ಇಟ್ಟದ್ದೇ ಅವು ಬೆರೆಯಬಾರದು ಎಂದು ಅಲ್ಲಿನ ನ್ಯಾಯಾಧೀಶ ಬರೆದ. ಅದನ್ನು ಸುಪ್ರೀಂ ಕೋರ್ಟ್ ತೊಡೆದುಹಾಕಿದ್ದು 1967ರಲ್ಲಿ.

ಹಾಗಾದರೆ ಈ ಪರಂಪರೆಯನ್ನೇ ಕೈಬಿಡೋಣ ಅನ್ನಿಸಬಹುದು. ಬೇಡ ಎನ್ನುತ್ತೇನೆ ನಾನು. ನೈಸರ್ಗಿಕ ಕಾನೂನಿನ ಹೆಸರಲ್ಲಿ ಯಾರಾದರೂ ವಾದ ಮಾಡಿದಾಗ ಅವರ ಮೂಲಗ್ರಂಥ ಯಾವುದು, ದೇವರು ಇದ್ದಾನೋ ಇಲ್ಲವೋ ಎಂದು ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಬೇಕು. ಈ ವಾದ ಯಾರ ಕೈ ಕಟ್ಟುತ್ತದೆ? ಅಧಿಕಾರ ಇರುವವರ ಕೈ ಕಟ್ಟಿ 'ಇಲ್ಲಿಂದ ಮುಂದೆ ಹೋಗಬೇಡ' ಎನ್ನುತ್ತದೆಯೋ, ಅಥವಾ ಅವರಿಗೆ ಇನ್ನೊಂದು ಕೋಲು ಕೊಟ್ಟು 'ಇವರನ್ನೂ ಬಡಿ' ಎನ್ನುತ್ತದೆಯೋ? ವಿಟೋರಿಯಾ ಮತ್ತು ಲಾಸ್ ಕಸಾಸ್ ಮಾಡಿದ್ದು ಮೊದಲನೆಯದು. ಸೆಪುಲ್ವೆಡ ಮತ್ತು ಬ್ರ್ಯಾಡ್ಲಿ ಮಾಡಿದ್ದು ಎರಡನೆಯದು. ತಡೆಯಾಗಿ ನಿಂತಾಗ ಈ ಪರಂಪರೆ ದೊಡ್ಡದು. ಪೂರ್ತಿ ಬದುಕಿನ ನಿಯಮಾವಳಿ ಬರೆಯಲು ಕೂತಾಗ ಅದನ್ನು ಅನುಮಾನದಿಂದಲೇ ನೋಡಬೇಕು.

ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಅವರು ಅಗಸ್ಟೀನ್, ಅಕ್ವೈನಾಸ್ ಇಬ್ಬರನ್ನೂ ನೆನೆಯುತ್ತಾರೆ. ಅಲ್ಲಿಗೇ ನಿಲ್ಲಿಸದೆ ಯಾರೂ ಪರೀಕ್ಷಿಸಿ ನೋಡಬಹುದಾದ ಒಂದು ಅಳತೆ ಕೊಡುತ್ತಾರೆ. ಬಹುಸಂಖ್ಯಾತರು ಒಂದು ಕಾನೂನನ್ನು ಅಲ್ಪಸಂಖ್ಯಾತರ ಮೇಲೆ ಹೇರಿ, ತಾವು ಮಾತ್ರ ಅದಕ್ಕೆ ಒಳಪಡದಿದ್ದರೆ ಆ ಕಾನೂನು ಅನ್ಯಾಯದ್ದು. ಕಾನೂನು ಮಾಡುವಾಗ ಓಟು ಹಾಕಲು ಬಿಡದವರ ಮೇಲೆ ಅದನ್ನು ಹೇರಿದರೂ ಅನ್ಯಾಯ. ಇದನ್ನು ಒಪ್ಪಲು ಅಕ್ವೈನಾಸ್‌ನನ್ನು ಓದಿರಬೇಕಾಗಿಲ್ಲ. ಇನ್ನೂ ಒಂದು ಷರತ್ತು ಹಾಕುತ್ತಾರೆ ಕಿಂಗ್. ಅಂಥ ಕಾನೂನನ್ನು ಮುರಿಯುವವರು ಬಹಿರಂಗವಾಗಿ ಮುರಿಯಬೇಕು, ಶಿಕ್ಷೆಗೂ ಸಿದ್ಧರಿರಬೇಕು. ಮೇಲಿನ ಕಾನೂನಿನ ಹೆಸರು ಹೇಳುವವನು ಬೆಲೆಯನ್ನು ತಾನೇ ತೆರುತ್ತಾನೆ, ಬೇರೆಯವರ ಮೇಲೆ ಹಾಕುವುದಿಲ್ಲ. ಸೆಪುಲ್ವೆಡನ ವಾದಕ್ಕೆ ಸೆಪುಲ್ವೆಡ ಯಾವ ಬೆಲೆಯನ್ನೂ ಕಟ್ಟಲಿಲ್ಲ ಅಲ್ವಾ?

ನನ್ನ ಅಳತೆಗೆ ಒಂದು ದೊಡ್ಡ ಆಕ್ಷೇಪ ಇದೆ, ಅದನ್ನು ಮುಚ್ಚಿಡುವುದಿಲ್ಲ. 1905ರ ಲಾಕ್ನರ್ ಪ್ರಕರಣ. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಅದನ್ನು ರದ್ದು ಮಾಡಿತು. ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಸರ್ಕಾರ ಕೈಹಾಕಬಾರದು ಎನ್ನುವುದು ಕಾರಣ. ಸಹಜ ಹಕ್ಕುಗಳ ಹಳೆಯ ಯೋಚನೆಯ ನೆರಳು ಆ ತೀರ್ಪಿನ ಮೇಲೆ ಇದೆ. ಅಲ್ಲಿ ಸರ್ಕಾರದ ಕೈ ಕಟ್ಟಿದ್ದು ನಿಜ. ಆದರೆ ಗೆದ್ದವನು ಯಾರು? ಮಾಲೀಕ. ಆದ್ದರಿಂದ ಅಧಿಕಾರ ಅಂದರೆ ಸರ್ಕಾರ ಮಾತ್ರ ಎಂದುಕೊಂಡರೆ ಅಳತೆ ಕೆಡುತ್ತದೆ. ಆ ಕೋಣೆಯಲ್ಲಿ ನಿಜವಾಗಿ ಯಾರ ಕೈ ಮೇಲಿದೆ ಎಂದು ನೋಡಬೇಕು. ಆ ಪ್ರಕರಣದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಹೋಮ್ಸ್ ನೈಸರ್ಗಿಕ ಕಾನೂನನ್ನು ನಂಬುವವರು ಮುಗ್ಧರು ಎಂದು 1918ರಲ್ಲಿ ಬರೆದರು. ಲಾಕ್ನರ್ ತೀರ್ಪನ್ನು ಹತ್ತಿರದಿಂದ ಕಂಡವರು ಹಾಗೆ ಬರೆದರೆ ಆಶ್ಚರ್ಯವಿಲ್ಲ.

ಈಗ ಅತ್ಯಂತ ಕಠಿಣ ಜಾಗಕ್ಕೆ ಬರೋಣ. ಕಾನೂನೇ ಕೊಲೆಗಾರನಾದಾಗ ಏನು ಮಾಡಬೇಕು?

ಗುಸ್ಟಾವ್ ರಾಡ್‌ಬ್ರುಖ್ ಜರ್ಮನಿಯ ದೊಡ್ಡ ನ್ಯಾಯಶಾಸ್ತ್ರಜ್ಞ. 1920ರ ದಶಕದ ಮೊದಲ ಭಾಗದಲ್ಲಿ ನ್ಯಾಯ ಮಂತ್ರಿಯೂ ಆಗಿದ್ದವರು. 1933ರಲ್ಲಿ ನಾಜಿಗಳು ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದ ಕಿತ್ತುಹಾಕಿದರು. ಯುದ್ಧ ಮುಗಿದು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಹುದ್ದೆಗೆ ಮರಳಿ, 1946ರಲ್ಲಿ ಒಂದು ಚಿಕ್ಕ ಲೇಖನ ಬರೆದರು. ಅದರ ಸೂತ್ರ ಹೀಗೆ: ಸಾಮಾನ್ಯವಾಗಿ ಬರೆದ ಕಾನೂನನ್ನೇ ಪಾಲಿಸಬೇಕು, ಅದು ಅನ್ಯಾಯವಾಗಿದ್ದರೂ ಸರಿ, ಯಾಕೆಂದರೆ ಜನರಿಗೆ ಖಚಿತತೆ ಬೇಕು. ಆದರೆ ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದರೆ ಕಾನೂನು ನ್ಯಾಯಕ್ಕೆ ದಾರಿ ಬಿಡಬೇಕು. ಸಮಾನತೆಯನ್ನು ಬೇಕಂತಲೇ ಕೈಬಿಟ್ಟು ಮಾಡಿದ್ದಾದರೆ, ಅದು ಕೆಟ್ಟ ಕಾನೂನಲ್ಲ, ಕಾನೂನೇ ಅಲ್ಲ.

ಎಷ್ಟು ಹಿಡಿತದಲ್ಲಿದೆ ನೋಡಿ ಈ ಸೂತ್ರ. ಒಳ್ಳೆಯ ಬದುಕು ಹೇಗಿರಬೇಕು ಎಂದು ಅದು ಹೇಳುವುದಿಲ್ಲ. ಸಾವಿರ ಸಣ್ಣ ಅನ್ಯಾಯಗಳನ್ನು ಸಂಸತ್ತಿಗೇ ಬಿಡುತ್ತದೆ. ಒಂದು ಕೆಳಗಿನ ಗೆರೆ ಮಾತ್ರ ಎಳೆಯುತ್ತದೆ.

'ಕಾನೂನು ಅಂದರೆ ಕಾನೂನು' ಎಂಬ ಪಾಸಿಟಿವಿಸ್ಟ್ ನಂಬಿಕೆಯೇ ಜರ್ಮನ್ ವಕೀಲರನ್ನು ನಾಜಿಗಳ ಎದುರು ನಿರಾಯುಧರನ್ನಾಗಿ ಮಾಡಿತು ಎಂದೂ ರಾಡ್‌ಬ್ರುಖ್ ಹೇಳಿದರು. ಇಲ್ಲಿ ಮಾತ್ರ ಅವರನ್ನು ಪೂರ್ತಿ ಒಪ್ಪಲಾಗದು. ನಾಜಿ ಕಾಲದ ನ್ಯಾಯಾಧೀಶರು ಪುಸ್ತಕದಲ್ಲಿದ್ದ ಕಾನೂನಿಗೆ ಅಷ್ಟೇನೂ ನಿಷ್ಠರಾಗಿರಲಿಲ್ಲ. 1935ರಲ್ಲಿ ದಂಡಸಂಹಿತೆಗೆ ತಿದ್ದುಪಡಿ ಮಾಡಿ, 'ಜನರ ಆರೋಗ್ಯಕರ ಭಾವನೆ'ಯ ಪ್ರಕಾರ ಶಿಕ್ಷೆಗೆ ತಕ್ಕದ್ದು ಅನ್ನಿಸಿದರೆ, ಕಾನೂನಿನಲ್ಲಿ ನೇರವಾಗಿ ಇಲ್ಲದ ಕೃತ್ಯಕ್ಕೂ ಶಿಕ್ಷೆ ಕೊಡಬಹುದು ಎಂದು ಮಾಡಲಾಯಿತು. ಬರೆದ ಕಾನೂನಿಗಿಂತ ಮೇಲಿನದೊಂದರ ಹೆಸರಲ್ಲೇ ಅವರೂ ಜನರನ್ನು ತುಳಿದರು. ಅದು ಅಧಿಕಾರದ ಕೈಗೆ ಕೊಟ್ಟ ಕೋಲೇ.

ಅಮೆರಿಕದ ಕಾನೂನು ಚಿಂತಕ ಲಾನ್ ಫುಲ್ಲರ್ ಬೇರೆ ದಾರಿ ಹಿಡಿದರು. 1964ರಲ್ಲಿ ಬಂದ ಪುಸ್ತಕದಲ್ಲಿ ಅವರು ಹೇಳಿದ್ದು: ಕಾನೂನು ಎಂಬ ಕೆಲಸದೊಳಗೇ ಒಂದು ನೀತಿ ಇದೆ. ಸಂದರ್ಭಕ್ಕೊಂದು ಆದೇಶ ಅಲ್ಲ, ಸಾಮಾನ್ಯ ನಿಯಮ ಇರಬೇಕು, ಅದು ಬಹಿರಂಗವಾಗಿರಬೇಕು, ಹಿಂದಿನ ತಾರೀಖಿಗೆ ಹಾಕಬಾರದು, ಅರ್ಥವಾಗಬೇಕು, ಒಂದಕ್ಕೊಂದು ವಿರುದ್ಧ ಇರಬಾರದು, ಪಾಲಿಸಲು ಸಾಧ್ಯವಿರಬೇಕು, ದಿನಕ್ಕೊಂದು ಬಾರಿ ಬದಲಾಗಬಾರದು, ಅಧಿಕಾರಿಗಳು ಬರೆದದ್ದನ್ನೇ ನಡೆಸಬೇಕು. ಇವುಗಳಲ್ಲಿ ಒಂದೇ ಒಂದು ಪೂರ್ತಿ ಬಿದ್ದರೂ ಅಲ್ಲಿ ಕೆಟ್ಟ ಕಾನೂನು ಇದೆ ಎನ್ನುವಂತಿಲ್ಲ, ಕಾನೂನೇ ಇಲ್ಲ. ಗುಟ್ಟಿನ ಆದೇಶ, ಹಿಂದಿನಿಂದ ಜಾರಿಯಾದ ಆದೇಶಗಳ ಮೇಲೆ ನಿಂತ ನಾಜಿ ಆಡಳಿತ ಈ ಪರೀಕ್ಷೆಯಲ್ಲೇ ಬಿದ್ದಿತು ಎನ್ನುವುದು ಅವರ ವಾದ. ನನಗೆ ಇದು ಇಷ್ಟ, ಆದರೆ ಸಾಲದು. ಬಹಿರಂಗವಾದ, ಸ್ಪಷ್ಟವಾದ, ಸ್ಥಿರವಾದ ಜನಾಂಗಭೇದದ ಕಾನೂನು ಈ ಎಂಟನ್ನೂ ದಾಟಿ ಬರಬಲ್ಲದು.

ಇದೇ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬಂಧಿಸಲ್ಪಟ್ಟವರು ನ್ಯಾಯಾಲಯಕ್ಕೆ ಬರಬಹುದೇ? ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಇರುವುದು ಸಂವಿಧಾನದ 21ನೇ ವಿಧಿಯಲ್ಲಿ ಮಾತ್ರ, ಅದರ ಜಾರಿಯನ್ನು ಅಮಾನತಿನಲ್ಲಿಟ್ಟರೆ ಕೇಳಲು ಏನೂ ಉಳಿಯುವುದಿಲ್ಲ ಎನ್ನುವುದು ಸರ್ಕಾರದ ವಾದ. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕಡೆ ನಿಂತರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ತತ್ವ ಸಂವಿಧಾನ ಕೊಟ್ಟ ಉಡುಗೊರೆಯಲ್ಲ, ಅದಕ್ಕೂ ಮೊದಲೇ ಇತ್ತು ಎಂದರು. ಮರುವರ್ಷ ಹಿರಿತನದಲ್ಲಿ ತಮಗೆ ಬರಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು. ರಾಜೀನಾಮೆ ಕೊಟ್ಟರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದಾಗ 1976ರ ಬಹುಮತ ಬಿದ್ದುಹೋಯಿತು. ಖನ್ನಾ ಬೇಡಿದ್ದು ಹೊಸ ಅಧಿಕಾರವನ್ನಲ್ಲ. ಸರ್ಕಾರಕ್ಕೆ ಒಂದು 'ಇಲ್ಲ' ಹೇಳಿದರು, ಅಷ್ಟೇ. ಬೆಲೆಯನ್ನೂ ತಾವೇ ತೆತ್ತರು.

ಇವತ್ತಿನ ಹೊಸ ಅಲೆ ಇದಕ್ಕಿಂತ ಬೇರೆ. ಹಾರ್ವರ್ಡ್ ಪ್ರಾಧ್ಯಾಪಕ ಏಡ್ರಿಯನ್ ವರ್ಮ್ಯೂಲ್ 2020ರಲ್ಲಿ ಒಂದು ಪ್ರಬಂಧ, 2022ರಲ್ಲಿ ಪುಸ್ತಕ ಬರೆದು, ಸಂವಿಧಾನವನ್ನು 'ಎಲ್ಲರ ಒಳಿತು' ಎಂಬ ಹಳೆಯ ನೈಸರ್ಗಿಕ ಕಾನೂನಿನ ಕಣ್ಣಿನಿಂದ ಓದಬೇಕು ಎಂದು ವಾದಿಸುತ್ತಿದ್ದಾರೆ. ಆಳುವವರಿಗೆ ಜನರನ್ನು ಒಳಿತಿನ ಕಡೆ ನಡೆಸುವ ಗಟ್ಟಿ ಅಧಿಕಾರ ಇರಬೇಕು ಎನ್ನುವುದು ಅದರ ಧಾಟಿ. ಅಕ್ವೈನಾಸ್‌ನ ವ್ಯಾಖ್ಯೆಯಲ್ಲಿ 'ಎಲ್ಲರ ಒಳಿತು' ಇರುವುದು ನಿಜ. ಆದರೆ ಅಲ್ಲಿ ಅದು ಆಳುವವನ ಮೇಲೆ ಹಾಕಿದ ಷರತ್ತು. ಅದನ್ನೇ ಆಳುವವನಿಗೆ ಕೊಟ್ಟ ಪರವಾನಗಿಯಾಗಿ ಓದಿದರೆ ದಿಕ್ಕೇ ತಿರುಗಿಹೋಗುತ್ತದೆ.

ಆಕ್ಸ್‌ಫರ್ಡಿನ ಕಾನೂನು ತತ್ವಜ್ಞಾನಿ ಜಾನ್ ಫಿನಿಸ್ ವಿಷಯದಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ಹ್ಯೂಮನ ಪ್ರಶ್ನೆಗೆ ಅವರ ಉತ್ತರ ನಿಜಕ್ಕೂ ಹರಿತವಾದದ್ದು. 'ಇದೆ'ಯಿಂದ 'ಬೇಕು' ಎಂಬುದನ್ನು ನಾವು ಎಳೆದು ತರುತ್ತಲೇ ಇಲ್ಲ ಎನ್ನುತ್ತಾರೆ ಅವರು. ಜೀವ, ಜ್ಞಾನ, ಆಟ, ಸೌಂದರ್ಯದ ಅನುಭವ, ಗೆಳೆತನ, ವಿವೇಕದ ನಡೆ, ಧರ್ಮ ಇವು ಒಳ್ಳೆಯವು ಎನ್ನುವುದು ಯೋಚಿಸುವ ಯಾರಿಗೂ ನೇರವಾಗಿ ಕಾಣುತ್ತದೆ, ಬೇರೆ ಸಾಕ್ಷಿ ಬೇಕಿಲ್ಲ. 1980ರ ಅವರ ಪುಸ್ತಕ ಈ ಪರಂಪರೆಗೆ ಮತ್ತೆ ಜೀವ ಕೊಟ್ಟಿತು. ಈಗ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿರುವ ನೀಲ್ ಗೋರ್ಸಚ್ ಡಾಕ್ಟರೇಟ್ ಮಾಡಿದ್ದು ಅವರ ಕೈಕೆಳಗೇ. ಆದರೆ ಅದೇ ಫಿನಿಸ್ ಆ ಪಟ್ಟಿಯಿಂದ ಹೊರಟು ಸಲಿಂಗ ಸಂಬಂಧ ತಪ್ಪು ಎಂಬಲ್ಲಿಗೆ ತಲುಪುತ್ತಾರೆ. 1993ರಲ್ಲಿ ಕೊಲರಾಡೊದಲ್ಲಿ, ಸಲಿಂಗಿಗಳಿಗೆ ಭೇದಭಾವದಿಂದ ರಕ್ಷಣೆ ಸಿಗದಂತೆ ಮಾಡಿದ ತಿದ್ದುಪಡಿಯ ಪ್ರಕರಣದಲ್ಲಿ ತಿದ್ದುಪಡಿಯ ಪರವಾಗಿ ಸಾಕ್ಷ್ಯ ಕೊಟ್ಟರು. ಎದುರು ಕಡೆಯಲ್ಲಿ ತತ್ವಶಾಸ್ತ್ರಜ್ಞೆ ಮಾರ್ಥಾ ನಸ್‌ಬಾಮ್ ಇದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಏಳು ಒಳಿತುಗಳ ಪಟ್ಟಿಯನ್ನು ನಾನೂ ಒಪ್ಪಬಲ್ಲೆ. ಆ ಪಟ್ಟಿ ಹಿಡಿದು ಪಕ್ಕದ ಮನೆಯವರ ಬಾಗಿಲು ತಟ್ಟುವುದನ್ನು ಒಪ್ಪಲಾರೆ.

ಬೇರೆ ಬೇರೆ ನಂಬಿಕೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ನಿಜವಾದ ಪ್ರಯತ್ನ ನಡೆದದ್ದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಸಮಯದಲ್ಲಿ. ಮೊದಲ ವಿಧಿಯ ಕರಡಿನಲ್ಲಿ ಮನುಷ್ಯರಿಗೆ ವಿವೇಕ ಮತ್ತು ಮನಸ್ಸಾಕ್ಷಿ 'ನಿಸರ್ಗದಿಂದ' ಬಂದಿದೆ ಎಂದಿತ್ತು. ಬ್ರೆಜಿಲ್ ದೇವರ ಉಲ್ಲೇಖ ಬೇಕು ಎಂದಿತು. ಚೀನಾದ ಪ್ರತಿನಿಧಿ ಪಿ.ಸಿ. ಚಾಂಗ್ ಎರಡೂ ಬೇಡ, ಯಾರ ತತ್ವಶಾಸ್ತ್ರವನ್ನೂ ಇದರ ಮೇಲೆ ಹೇರುವುದು ಬೇಡ ಎಂದರು. ಕೊನೆಗೆ 'ನಿಸರ್ಗದಿಂದ' ಎಂಬುದೂ ಹೋಯಿತು, ದೇವರೂ ಬರಲಿಲ್ಲ. ಹಕ್ಕುಗಳು ಉಳಿದವು. ಚಿತ್ರಹಿಂಸೆ ಇಲ್ಲ, ಗುಲಾಮಗಿರಿ ಇಲ್ಲ, ಕಾರಣವಿಲ್ಲದೆ ಬಂಧನ ಇಲ್ಲ. ಒಮ್ಮತ ಸಲೀಸಾಗಿ ಸಿಕ್ಕಿದ್ದು ಇಂಥ 'ಇಲ್ಲ'ಗಳಲ್ಲೇ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಇಷ್ಟಾದರೂ ಒಂದು ಗಂಟು ಬಿಡಿಸಲಾಗದೆ ಉಳಿಯುತ್ತದೆ. ಕೆಟ್ಟ ಕಾನೂನನ್ನು ಶೂನ್ಯ ಎಂದು ಘೋಷಿಸುವುದು ಒಂದು, ಆ ಕಾನೂನು ಪಾಲಿಸಿದವರಿಗೆ ಶಿಕ್ಷೆ ಕೊಡುವುದು ಇನ್ನೊಂದು. ಎರಡಕ್ಕೂ ರಾಡ್‌ಬ್ರುಖ್ ಸೂತ್ರವನ್ನೇ ಬಳಸಲಾಗಿದೆ.

ಮೊದಲನೆಯದಕ್ಕೆ ಉದಾಹರಣೆ 1968ರದು. ದೇಶ ಬಿಟ್ಟು ಹೋದ ಯಹೂದಿಗಳ ಪೌರತ್ವ ಕಿತ್ತುಕೊಂಡ 1941ರ ನವೆಂಬರ್ 25ರ ನಾಜಿ ಆದೇಶ ಹುಟ್ಟಿದ ದಿನದಿಂದಲೇ ಶೂನ್ಯ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ಹೇಳಿತು. ಇದರಿಂದ ಯಾರಿಗೂ ಹೊಸ ನೋವು ಆಗಲಿಲ್ಲ. ಕಸಿದದ್ದನ್ನು ಕಸಿದೇ ಇಲ್ಲ ಎಂದಂತೆ ಆಯಿತು.

ಎರಡನೆಯದು ಬರ್ಲಿನ್ ಗೋಡೆಯ ಕಾವಲುಗಾರರದು. ದಾಟಲು ಬಂದವರಿಗೆ ಗುಂಡು ಹೊಡೆಯಲು ಪೂರ್ವ ಜರ್ಮನಿಯ ಗಡಿ ಕಾನೂನು ಅವಕಾಶ ಕೊಟ್ಟಿತ್ತು. ದೇಶ ಒಂದಾದ ಮೇಲೆ ಪ್ರಕರಣಗಳು ಬಂದವು. 1992ರ ನವೆಂಬರ್ 3ರಂದು ಜರ್ಮನಿಯ ಉನ್ನತ ನ್ಯಾಯಾಲಯ, ಆ ಕಾನೂನು ಇಲ್ಲಿ ನೆಪವಾಗದು ಎಂದು ರಾಡ್‌ಬ್ರುಖ್ ಸೂತ್ರ ಉಲ್ಲೇಖಿಸಿ ಇಬ್ಬರು ಕಾವಲುಗಾರರ ಶಿಕ್ಷೆಯನ್ನು ಎತ್ತಿಹಿಡಿಯಿತು. ಆಮೇಲೆ ದೊಡ್ಡವರ ಸರದಿ ಬಂತು. ಪೂರ್ವ ಜರ್ಮನಿಯ ಕೊನೆಯ ನಾಯಕರಲ್ಲಿ ಒಬ್ಬರಾದ ಎಗೊನ್ ಕ್ರೆಂಜ್ ಅವರಿಗೆ ಆರೂವರೆ ವರ್ಷ ಜೈಲು ಆಯಿತು. 2001ರ ಮಾರ್ಚ್ 22ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ಒಪ್ಪಿತು. ಅದರ ದಾರಿ ಮಾತ್ರ ಬೇರೆ. ಪೂರ್ವ ಜರ್ಮನಿಯ ಸ್ವಂತ ಸಂವಿಧಾನವೂ ಅದು ಸಹಿ ಹಾಕಿದ್ದ ಅಂತರರಾಷ್ಟ್ರೀಯ ಒಪ್ಪಂದವೂ ಜೀವವನ್ನು ಕಾಪಾಡಬೇಕು ಎಂದಿದ್ದವು, ಆದ್ದರಿಂದ ಆ ಕೃತ್ಯ ಆಗಲೇ ಅಪರಾಧ ಎಂದಿತು. ಅದೇ ದಿನ ಇನ್ನೊಂದು ತೀರ್ಪೂ ಬಂತು. 1972ರಲ್ಲಿ ನದಿ ಈಜಿ ದಾಟುತ್ತಿದ್ದವನಿಗೆ ಗುಂಡು ಹೊಡೆದ ಸೈನಿಕನದು. ಆಗ ಅವನಿಗೆ 20 ವರ್ಷ. ಅವನ ಶಿಕ್ಷೆಯೂ ಉಳಿಯಿತು, ಆದರೆ ಕೆಲವು ನ್ಯಾಯಮೂರ್ತಿಗಳು ಇಲ್ಲಿ ಭಿನ್ನಮತ ಬರೆದರು.

ಆ ಭಿನ್ನಮತದ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಕ್ರೆಂಜ್ ಅಂಥವರ ಕೈಯಲ್ಲಿ ಅಧಿಕಾರವಿತ್ತು, ಆ ಕಾನೂನನ್ನು ನಡೆಸಿದವರೇ ಅವರು. ಸೈನಿಕನ ಕೈಯಲ್ಲಿ ಬಂದೂಕು ಮಾತ್ರ ಇತ್ತು. ಸತ್ತವನ ಮನೆಯವರ ನೋವಿನ ಮುಂದೆ ಈ ಮಾತು ಹೇಳುವುದು ಸುಲಭವಲ್ಲ. ಆದರೆ ನಾಳೆ ಯಾವುದು ಕಾನೂನಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಬ್ಯಾರಕ್ಕಿನಲ್ಲಿ ಕೂತ 20 ವರ್ಷದವನು ತೂಗಿ ನೋಡಬೇಕಿತ್ತು ಎನ್ನುವುದು ಫುಲ್ಲರ್ ಹೇಳಿದ ನಿಯಮಗಳಿಗೇ ಅಡ್ಡ ಬರುತ್ತದೆ.

ಇಂಗ್ಲೆಂಡಿನ ಪಾಸಿಟಿವಿಸ್ಟ್ ಎಚ್.ಎಲ್.ಎ. ಹಾರ್ಟ್ 1958ರಲ್ಲಿ ಫುಲ್ಲರ್ ಜೊತೆಗಿನ ವಾದದಲ್ಲಿ ಇದಕ್ಕೊಂದು ದಾರಿ ತೋರಿಸಿದ್ದರು. ಆಗ ಮಾತಿಗೆ ಬಂದದ್ದು 1944ರ ಒಂದು ಘಟನೆ. ಗಂಡನನ್ನು ತೊಲಗಿಸಲು ಬಯಸಿದ ಹೆಂಡತಿಯೊಬ್ಬಳು, ಅವನು ಹಿಟ್ಲರನನ್ನು ಬೈದ ಎಂದು ದೂರು ಕೊಟ್ಟು ಅವನಿಗೆ ಮರಣದಂಡನೆಯ ತೀರ್ಪು ಬರುವಂತೆ ಮಾಡಿದ್ದಳು. ಯುದ್ಧದ ನಂತರ ಅವಳಿಗೆ ಶಿಕ್ಷೆಯಾಯಿತು. ಹಾರ್ಟ್ ಹೇಳಿದ್ದು: ಆ ನಾಜಿ ಕಾನೂನು ಇರಲೇ ಇಲ್ಲ ಎಂದು ನಟಿಸಬೇಡಿ. ಅದು ಕಾನೂನಾಗಿತ್ತು, ಹೇಸಿಗೆಯ ಕಾನೂನಾಗಿತ್ತು. ಅವಳನ್ನು ಶಿಕ್ಷಿಸಲೇಬೇಕು ಎಂದಾದರೆ ಹಿಂದಿನ ತಾರೀಖಿನಿಂದ ಜಾರಿಯಾಗುವ ಹೊಸ ಕಾನೂನು ಮಾಡಿ. ಹಾಗೆ ಮಾಡುವುದೂ ತಪ್ಪೇ ಎಂದು ಎಲ್ಲರೆದುರು ಒಪ್ಪಿಕೊಂಡೇ ಮಾಡಿ. ಎರಡು ತಪ್ಪುಗಳಲ್ಲಿ ಒಂದನ್ನು ಆರಿಸುತ್ತಿದ್ದೇವೆ ಎನ್ನುವುದನ್ನು ಮರೆಮಾಚಬೇಡಿ.

ಇಷ್ಟು ಓದಿದ ಮೇಲೆ ನಾನು ನಿಲ್ಲುವುದು ಇಲ್ಲಿ. ಪೌರತ್ವ ಕಿತ್ತುಕೊಂಡ ಆದೇಶವನ್ನು ಅಳಿಸುವಾಗ, ವಿಚಾರಣೆಯಿಲ್ಲದೆ ಬಂಧನದಲ್ಲಿರುವವನಿಗೆ ಬಾಗಿಲು ತೆರೆಯುವಾಗ, ರಾಡ್‌ಬ್ರುಖ್ ಮತ್ತು ಖನ್ನಾ ಹೇಳಿದ್ದನ್ನು ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪುತ್ತೇನೆ. ಅದೇ ಮೇಲಿನ ಕಾನೂನಿನ ಹೆಸರಲ್ಲಿ ಒಬ್ಬನನ್ನು ಜೈಲಿಗೆ ಕಳಿಸಬೇಕಾದಾಗ ಮಾತ್ರ, ಹಾರ್ಟ್ ಕೇಳಿದ ಹಾಗೆ ಸಂಸತ್ತು ಮೊದಲು ಬಹಿರಂಗವಾಗಿ ಕಾನೂನು ಮಾಡಲಿ, ಅದರಲ್ಲೂ ಆದೇಶ ಬರೆದವರಿಂದ ಶುರುಮಾಡಲಿ.